ಕೋಡಿಂಗ್ ಬಾರದೆ ಒಂದು ಬುಕಿಂಗ್ ಸೇವೆ: ಅಜ್ಜನ ಪಟ್ಟಿ ಪುಸ್ತಕದಿಂದ ಗೂಗಲ್ ಶೀಟ್‌ವರೆಗೆ

ನನಗೆ ಕೋಡಿಂಗ್ ಬರುವುದಿಲ್ಲ. ಬಿ.ಎ. ಓದಿದವಳು. ಶಿರಸಿ ಕಡೆಯ ಒಂದು ಸಣ್ಣ ಪೇಟೆಯಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಪಹಣಿ ಪ್ರಿಂಟು, ಅರ್ಜಿ ತುಂಬಿಕೊಡುವುದು, ಮದುವೆ ಕಾಗದ, ಇದು ದಿನದ ಕೆಲಸ. ಅದರ ಜೊತೆಗೇ ನಾಲ್ಕು ಮಳೆಗಾಲದಿಂದ ಒಂದು ಬುಕಿಂಗ್ ಸೇವೆ ನಡೆಸುತ್ತಿದ್ದೇನೆ. ನಮ್ಮ ಸುತ್ತಲಿನ ಹಳ್ಳಿಗಳ ಅಡಿಕೆ ತೋಟದವರು ಫೋನಿನಲ್ಲೇ ಕೊನೆಗೌಡರನ್ನು ಗೊತ್ತು ಮಾಡಿಕೊಳ್ಳುವ ಸೇವೆ ಅದು. ಅದರಲ್ಲಿ ನಾನು ಬರೆದ ಕೋಡ್ ಒಂದು ಸಾಲೂ ಇಲ್ಲ.

ಇಲ್ಲಿ ಕೇಳಲು ಕೂತ ನಿಮ್ಮಲ್ಲಿ ಬಯಲುಸೀಮೆ ಕಡೆಯವರೂ ಇದ್ದೀರಿ, ಅದಕ್ಕೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಕೊನೆಗೌಡ ಅಂದರೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಕೊಯ್ಯುವವರು, ಮಳೆಗಾಲದಲ್ಲಿ ಮದ್ದು ಹೊಡೆಯುವವರು. ಮದ್ದು ಅಂದರೆ ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು (ಕಾಪರ್ ಸಲ್ಫೇಟ್, ಬರೀ ತುತ್ತು ಅಂತಲೂ ಅನ್ನುತ್ತೇವೆ), 1 ಕೆಜಿ ಸುಣ್ಣ. ಇದನ್ನು ಮಳೆ ಹಿಡಿಯುವ ಮೊದಲು ಒಮ್ಮೆ ಹೊಡೆಯಬೇಕು, ಆಮೇಲೆ 40–45 ದಿನಕ್ಕೆ ಮತ್ತೊಮ್ಮೆ, ಅದೂ ಮಳೆ ಹೊಳವಾದ, ಅಂದರೆ ಬಿಡುವು ಕೊಟ್ಟ ದಿನ ನೋಡಿಕೊಂಡು. ತಪ್ಪಿದರೆ ಕೊಳೆ ರೋಗ ಬರುತ್ತದೆ. ಎಳೆ ಅಡಿಕೆ ಕೊಳೆತು ಬುಡದಲ್ಲಿ ಸುರಿದು ಬಿದ್ದಿರುತ್ತದೆ. ಹಾಗೆ ಬಿದ್ದ ತೋಟ ನೋಡಿದವರಿಗೆ ಗೊತ್ತು, ಅದು ಒಂದು ವರ್ಷದ ಅನ್ನ. ಈಗ ಸಮಸ್ಯೆ ಏನು ಅಂದರೆ, ಮೇ ಕೊನೆಯಿಂದ ಜೂನ್ ಮೊದಲ ವಾರದೊಳಗೆ ಎಲ್ಲರಿಗೂ ಒಟ್ಟಿಗೇ ಕೊನೆಗೌಡರು ಬೇಕು, ಮರ ಹತ್ತುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆ. ಈಗ ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಬಂದಿದೆ, ಕೆಲವರು ನೆಲದಿಂದಲೇ ಮದ್ದು ಹೊಡೆಯುತ್ತಾರೆ, ಆದರೆ ಅದನ್ನು ಹಿಡಿಯುವುದಕ್ಕೂ ಕೈಪಳಗಿದ ಜನವೇ ಬೇಕು.

ನಾನೂ ಮೊದಲು ಆ್ಯಪ್ ಅಂತಲೇ ಯೋಚಿಸಿದ್ದು. ಪೇಟೆಯ ಒಂದು ಸಾಫ್ಟ್‌ವೇರ್ ಮಾಡುವವರ ಹತ್ತಿರ ಕೇಳಿದೆ. ಅವರು ಹೇಳಿದ ಮೊತ್ತ ನನ್ನ ಅಂಗಡಿಯ ವರ್ಷದ ಬಾಡಿಗೆಗಿಂತ ಜಾಸ್ತಿ ಇತ್ತು. ಆದರೆ ನನ್ನನ್ನು ನಿಲ್ಲಿಸಿದ್ದು ದುಡ್ಡಲ್ಲ. ಅವರು ಒಂದು ಪ್ರಶ್ನೆಗಳ ಪಟ್ಟಿ ಕಳಿಸಿದ್ದರು. ಅದರಲ್ಲಿ ಒಂದು: ‘ಬುಕ್ ಆದ ದಿನ ಮಳೆ ಬಂದರೆ ಆ ಬುಕಿಂಗ್ ಏನಾಗಬೇಕು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನಕ್ಕೆ ಹೋಗಬೇಕಾ? ಮರುದಿನ ಬುಕ್ ಮಾಡಿದವರು ಏನು ಮಾಡಬೇಕು? ಕೋಡಿಂಗ್ ಗೊತ್ತಿದ್ದರೂ ಈ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ, ಅಲ್ವಾ? ಅದು ತೋಟದ ಪ್ರಶ್ನೆ. ಉತ್ತರ ಯಾರ ಹತ್ತಿರ ಇದೆಯೋ ಅವರ ಹತ್ತಿರವೇ ಹೋಗಬೇಕಿತ್ತು.

ನಮ್ಮ ಊರಿನ ಹತ್ತಿರ ಒಬ್ಬ ಹಿರಿಯರಿದ್ದಾರೆ. ಮೊದಲು ಅವರೇ ಮರ ಹತ್ತುತ್ತಿದ್ದರು, ವಯಸ್ಸಾದ ಮೇಲೆ ಕೊನೆಗೌಡರ ತಂಡವನ್ನು ಯಾವ ದಿನ ಯಾರ ತೋಟಕ್ಕೆ ಕಳಿಸಬೇಕು ಅಂತ ನೋಡಿಕೊಳ್ಳುತ್ತಿದ್ದರು. ಎಲ್ಲರೂ ಅಜ್ಜ ಅಂತಲೇ ಕರೆಯುವುದು. ಅವರ ಹತ್ತಿರ ಒಂದು ಉದ್ದ ನೋಟ್‌ಬುಕ್ ಇತ್ತು, ಅಂಗಡಿಗಳಲ್ಲಿ ಸಾಲದ ಲೆಕ್ಕ ಬರೆಯುತ್ತಾರಲ್ಲ, ಆ ಥರದ್ದು, ರಟ್ಟಿಗೆ ಪ್ಲಾಸ್ಟಿಕ್ ಕವರ್ ಹಾಕಿ ದಾರದಲ್ಲಿ ಕಟ್ಟಿದ್ದು. ಎರಡು ಮಧ್ಯಾಹ್ನ ಅವರ ಜಗಲಿಯಲ್ಲಿ ಕೂತು ಆ ಪುಸ್ತಕ ನೋಡಿದೆ. ಪ್ರತಿ ಸಾಲಿನಲ್ಲಿ ಮನೆ ಹೆಸರು, ಮರದ ಲೆಕ್ಕ. ಅದರ ಮುಂದೆ ಸಣ್ಣ ಸಣ್ಣ ಗುರುತು. ಕೆಲವು ಮನೆಗೆ ಒಂದು ಸೊನ್ನೆ ಸುತ್ತಿದ್ದರು. ಕೆಲವಕ್ಕೆ ‘ನೀ’ ಅಂತ ಒಂದೇ ಅಕ್ಷರ. ಕೆಲವಕ್ಕೆ ಒಂದು ಅಡ್ಡಗೆರೆ.

ಇದೇನು ಅಂತ ಕೇಳಿದೆ. ‘ತಂಗೀ, ಸೊನ್ನೆ ಇದ್ದಲ್ಲಿ ಹಳೇ ಮರ, ಭಾರೀ ಎತ್ತರ. ಅಲ್ಲಿಗೆ ಹೊಸ ಹುಡುಗರನ್ನ ಕಳಿಸೂಕಾಗ್ತಿಲ್ಲೆ. ನೀ ಅಂದ್ರೆ ತೋಟದಲ್ಲಿ ನೀರಿಲ್ಲೆ, ಮದ್ದು ಕಲಸೂಕೆ ಮನೆಯಿಂದ ಹೊರಬೇಕು. ಗೆರೆ ಇದ್ದಲ್ಲಿಗೆ ಜೀಪು ಹೋಗ್ತಿಲ್ಲೆ’ ಅಂದರು. ಮಳೆಯ ಪ್ರಶ್ನೆಯನ್ನೂ ಕೇಳಿದೆ. ಅವರು ಸ್ವಲ್ಪವೂ ಯೋಚಿಸಲಿಲ್ಲ. ಮಳೆ ಬಂದರೆ ಇಡೀ ಸಾಲು ಒಂದು ದಿನ ಮುಂದೆ ಹೋಗುತ್ತದೆ, ಒಬ್ಬರನ್ನೇ ಎತ್ತಿ ಕೊನೆಗೆ ಹಾಕುವುದಿಲ್ಲ. ಅರ್ಧ ತೋಟ ಆಗಿದ್ದರೆ ಮರುದಿನ ಮೊದಲು ಅದು ಮುಗಿಯಬೇಕು, ಆಮೇಲೆ ಬೇರೆ. ಮುಗಿಯಿತು. ನನಗೆ ಉತ್ತರ ಕೊಡಲಾಗದ ಪ್ರಶ್ನೆಗೆ ಮೂವತ್ತು ವರ್ಷದಿಂದ ಉತ್ತರ ಇತ್ತು.

ಈ ಪುಸ್ತಕದ ವಿಷಯ ಇಷ್ಟೊಂದು ಹೇಳುವುದಕ್ಕೆ ಕಾರಣ ಇದೆ. ನೀವು ಮಾಡಬೇಕು ಅಂದುಕೊಂಡಿರುವ ಸೇವೆಯನ್ನು ಯಾರೋ ಒಬ್ಬರು ಈಗಾಗಲೇ ನೋಟ್‌ಬುಕ್ಕಿನಲ್ಲೋ ಗೋಡೆಯ ಕ್ಯಾಲೆಂಡರಿನಲ್ಲೋ ತಲೆಯಲ್ಲೋ ನಡೆಸುತ್ತಿರುತ್ತಾರೆ. ಟ್ಯೂಷನ್ ಇರಲಿ, ಟೈಲರಿಂಗ್ ಇರಲಿ, ಊಟದ ಡಬ್ಬಿ ಇರಲಿ. ಅವರ ಗುರುತುಗಳೇ ನಿಮ್ಮ ಕಾಲಂಗಳು. ನಾನು ಮನೆಗೆ ಬಂದು, ಸಾಲು-ಕಾಲಂಗಳಲ್ಲಿ ಪಟ್ಟಿ ಮಾಡುವ ಗೂಗಲ್ ಶೀಟ್ ತೆರೆದಾಗ ಮಾಡಿದ್ದು ಇಷ್ಟೇ. ಸೊನ್ನೆ ಒಂದು ಕಾಲಂ ಆಯಿತು, ‘ನೀ’ ಒಂದು ಕಾಲಂ, ಗೆರೆ ಒಂದು ಕಾಲಂ. ಯಾವ ವಿಷಯಕ್ಕೆ ಕಾಲಂ ಬೇಕು, ಯಾವುದಕ್ಕೆ ಬೇಡ ಅಂತ ತೀರ್ಮಾನ ಮಾಡುವುದಿದೆಯಲ್ಲ, ನನ್ನ ಪ್ರಕಾರ ಅದೇ ದೊಡ್ಡ ಕೆಲಸ. ಅದನ್ನು ನಿಮಗಿಂತ ಚೆನ್ನಾಗಿ ಹೊರಗಿನ ಯಾವ ಪ್ರೋಗ್ರಾಮರೂ ಮಾಡಲಾರ.

ಇಲ್ಲಿ ಒಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದು. ಶೀಟ್ ಅಂದರೆ ಕೆಲವರಿಗೆ ಅಸಡ್ಡೆ, ಅದೇನು ಬರೀ ಲೆಕ್ಕದ ಪಟ್ಟಿ ಅಂತ. 1979ರಲ್ಲಿ ವಿಸಿಕ್ಯಾಲ್ಕ್ ಅನ್ನುವ, ಪರ್ಸನಲ್ ಕಂಪ್ಯೂಟರಿಗಾಗಿ ಮಾಡಿದ ಮೊದಲ ಸ್ಪ್ರೆಡ್‌ಶೀಟ್ ಮಾರಾಟಕ್ಕೆ ಬಂತು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಮಾಡಿದ್ದು. ಆ ಒಂದು ಪ್ರೋಗ್ರಾಮಿಗೋಸ್ಕರವೇ ಎಷ್ಟೋ ಜನ ಆ್ಯಪಲ್ 2 ಕಂಪ್ಯೂಟರ್ ಕೊಂಡರು. ಅಲ್ಲಿವರೆಗೆ ಕಂಪ್ಯೂಟರಿಗೆ ಹೊಸ ಕೆಲಸ ಹೇಳಬೇಕಾದರೆ ಪ್ರೋಗ್ರಾಮರ್ ಬೇಕಿತ್ತು. ಸ್ಪ್ರೆಡ್‌ಶೀಟ್ ಬಂದ ಮೇಲೆ ಲೆಕ್ಕ ಬರೆಯುವವರೇ ಹೇಳುವ ಹಾಗಾಯಿತು. ಕೋಡಿಂಗ್ ಇಲ್ಲದೆ ಕೆಲಸ ಮಾಡಿಸುವುದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ.

ಸರಿ, ಶುರು ಹೇಗೆ ಮಾಡಿದೆ ಅಂದರೆ, ಒಂದೇ ಒಂದು ಹಳ್ಳಿಗೆ. ಆರು ಪ್ರಶ್ನೆಯ ಗೂಗಲ್ ಫಾರ್ಮ್ ಮಾಡಿ (ಫೋನಿನಲ್ಲೇ ತುಂಬುವ ಅರ್ಜಿ, ಉತ್ತರ ತಾನಾಗಿ ಶೀಟಿಗೆ ಬೀಳುತ್ತದೆ), ಆ ಊರಿನ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿದೆ. ಮೊದಲ ವಾರ ಒಂಬತ್ತು ಬುಕಿಂಗ್ ಬಂತು. ಅದರಲ್ಲಿ ಫಾರ್ಮ್ ತುಂಬಿದವರು ನಾಲ್ಕೇ ಜನ. ಉಳಿದವರು ಲಿಂಕ್ ನೋಡಿ ನನಗೆ ಫೋನ್ ಮಾಡಿದರು. ‘ಇದೆಂಥದು ಕಳಿಸಿದ್ದು, ನೀನೇ ಬರೆದುಕೊ’ ಅಂತ. ಬರೆದುಕೊಂಡೆ. ಸಂಜೆ ಅಜ್ಜನ ಜಗಲಿಗೆ ಹೋಗಿ ಇಬ್ಬರೂ ಕೂತು ಮರುದಿನದ ಸಾಲು ಮಾಡುತ್ತಿದ್ದೆವು. ಹೊರಗಿನವರಿಗೆ ಆನ್‌ಲೈನ್ ಬುಕಿಂಗ್, ಒಳಗೆ ನಾನು ಮತ್ತು ಅಜ್ಜ.

ಇದು ಮೋಸ ಅಂತ ಅನ್ನಿಸಬೇಡಿ. ಅಮೆರಿಕದಲ್ಲಿ 1999ರಲ್ಲಿ ನಿಕ್ ಸ್ವಿನ್‌ಮರ್ನ್ ಅನ್ನುವವರು ಆನ್‌ಲೈನಿನಲ್ಲಿ ಚಪ್ಪಲಿ-ಬೂಟು ಮಾರಲು ಹೊರಟಾಗ ಅವರ ಹತ್ತಿರ ಗೋದಾಮು ಇರಲಿಲ್ಲ. ಊರಿನ ಅಂಗಡಿಗೆ ಹೋಗಿ ಬೂಟಿನ ಫೋಟೊ ತೆಗೆದು ವೆಬ್‌ಸೈಟಿಗೆ ಹಾಕಿದರು. ಆರ್ಡರ್ ಬಂದರೆ ಅದೇ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡು ಕಳಿಸಿದರು. ಲಾಭ ಇಲ್ಲ, ಆದರೆ ಜನ ಕಾಲಿಗೆ ಹಾಕಿ ನೋಡದೆ ಬೂಟು ಕೊಳ್ಳುತ್ತಾರಾ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿತು. ಅದೇ ಮುಂದೆ ಜ್ಯಾಪೋಸ್ ಆಯಿತು, 2009ರಲ್ಲಿ ಅಮೆಜಾನ್ ಅದನ್ನು ಕೊಂಡಿತು. ನಮ್ಮ ಬೆಂಗಳೂರಿನ ಡಂಜೊ ಕೂಡ ಶುರುವಾಗಿದ್ದು ವಾಟ್ಸಾಪಿನಲ್ಲಿ ಬಂದ ಮೆಸೇಜಿಗೆ ಮನುಷ್ಯರೇ ಓಡಾಡಿ ಕೆಲಸ ಮಾಡಿಕೊಡುವ ಮೂಲಕ. ಆ್ಯಪ್ ಆಮೇಲೆ ಬಂತು, 2017ರಲ್ಲಿ ಗೂಗಲ್ ಅದರಲ್ಲಿ ಹಣ ಹೂಡಿತು. ಕೊನೆಗೆ ಆ ಕಂಪನಿ ದುಡ್ಡಿನ ತೊಂದರೆಗೆ ಸಿಕ್ಕಿ ನಿಂತುಹೋಯಿತು, ಅದೂ ನಿಜ. ಆದರೆ ಶುರು ಮಾಡಿದ ರೀತಿ ತಪ್ಪಿರಲಿಲ್ಲ.

ಕೈಯಲ್ಲಿ ಮಾಡಿದ್ದರಿಂದ ನನಗೆ ಗೊತ್ತಾದ ದೊಡ್ಡ ವಿಷಯ ಕೊನೆಗೌಡರ ಬಗ್ಗೆ. ನಾನು ತೋಟದವರನ್ನೇ ತಲೆಯಲ್ಲಿ ಇಟ್ಟುಕೊಂಡಿದ್ದೆ. ಕೊನೆಗೌಡರಿಗೂ ಒಂದು ಲಿಂಕ್ ಕೊಟ್ಟರೆ ಅವರೇ ನೋಡಿಕೊಳ್ಳುತ್ತಾರೆ ಅಂತ ಅಂದಾಜು. ಅವರು ಬೆಳಗಿನಿಂದ ಸಂಜೆಯವರೆಗೆ ಮರದ ಮೇಲಿರುತ್ತಾರೆ. ಕೈಗೆ ತುತ್ತು-ಸುಣ್ಣ ಮೆತ್ತಿರುತ್ತದೆ. ಫೋನು ತೋಟದ ಅಂಚಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟಿರುತ್ತದೆ. ಕೆಲವರಿಗೆ ಓದಲು ಬರುವುದಿಲ್ಲ. ಇವರಿಗೆ ಯಾವ ಆ್ಯಪ್ ಮಾಡಿ ಕೊಡ್ತೀರಿ? ನಾನು ಸಂಜೆ ಏಳಕ್ಕೆ ಒಂದು ಧ್ವನಿ ಸಂದೇಶ ಕಳಿಸಲು ಶುರು ಮಾಡಿದೆ. ‘ನಾಳೆ ಮೊದಲು ಮೇಲಿನಕೇರಿ, ಸೇತುವೆ ದಾಟಿ ಎರಡನೇ ಮನೆ, ಆರುನೂರು ಮರ, ತೋಟದಲ್ಲಿ ನೀರು ಇದೆ.’ ಅರ್ಧ ನಿಮಿಷದ ಮಾತು. ಅವರು ಕೇಳಿ ‘ಆಯ್ತಕ್ಕ’ ಅಂತ ತಿರುಗಿ ಒಂದು ಧ್ವನಿ ಕಳಿಸುತ್ತಾರೆ. ಅಷ್ಟಾದರೆ ಬುಕಿಂಗ್ ಖಾತ್ರಿ. ನಾಲ್ಕು ವರ್ಷವಾದರೂ ಇದನ್ನು ಬದಲಾಯಿಸಿಲ್ಲ, ಬದಲಾಯಿಸುವ ಅಗತ್ಯವೂ ಕಾಣುವುದಿಲ್ಲ. ನನ್ನ ಡಿಜಿಟಲ್ ಸೇವೆಯ ಅರ್ಧ ಭಾಗ ಆ ಏಳು ಗಂಟೆಯ ಧ್ವನಿ.

ಈಗ ಎಡವಿದ್ದನ್ನು ಹೇಳುತ್ತೇನೆ, ಇದನ್ನು ಬರೆದುಕೊಳ್ಳಿ, ನಿಮಗೂ ಆಗುತ್ತದೆ.

ಎರಡನೇ ವರ್ಷ ಬುಕಿಂಗ್ ಜಾಸ್ತಿ ಆಯಿತು. ಫೋನಿನಲ್ಲಿ ಹೇಳಿದವರದ್ದನ್ನು ನಾನು ನೇರವಾಗಿ ಶೀಟಿನಲ್ಲಿ ಟೈಪ್ ಮಾಡುತ್ತಿದ್ದೆ. ಒಬ್ಬರಿಗೆ ಜೂನ್ 3 ಅಂತ ಗೊತ್ತಾಗಿತ್ತು, 3/6 ಅಂತ ಹಾಕಿದೆ. ಆ ಶೀಟಿನ ಸೆಟ್ಟಿಂಗ್ ಅಮೆರಿಕದ್ದು ಇತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಹಾಗಾಗಿ ಅದು ಮಾರ್ಚ್ 6 ಅಂತ ತಿಳಿದುಕೊಂಡಿತು. ದಿನಾಂಕದ ಪ್ರಕಾರ ಸಾಲು ಮಾಡಿದಾಗ ಆ ಹೆಸರು ಪಟ್ಟಿಯ ತುದಿಗೆ, ಮುಗಿದುಹೋದ ತಿಂಗಳಿಗೆ ಹೋಗಿ ಕೂತಿತು. ಅಲ್ಲಿ ಯಾರು ನೋಡುತ್ತಾರೆ? ಜೂನ್ 3ಕ್ಕೆ ಅವರ ತೋಟಕ್ಕೆ ಯಾರೂ ಹೋಗಲಿಲ್ಲ. ಮರುದಿನದಿಂದ ಮಳೆ ಹಿಡಿಯಿತು. ಹೊಳವಾಗುವಷ್ಟರಲ್ಲಿ ಒಂದು ಮೂಲೆಯಲ್ಲಿ ಕೊಳೆ ಶುರುವಾಗಿತ್ತು. ಅವರು ನನ್ನ ಅಂಗಡಿಗೆ ಬಂದು ಜಗಳ ಮಾಡಲಿಲ್ಲ, ಉದುರಿದ ನಾಲ್ಕು ಅಡಿಕೆ ತಂದು ಟೇಬಲ್ ಮೇಲೆ ಇಟ್ಟು ಹೋದರು. ಆ ನಾಲ್ಕು ಅಡಿಕೆ ನನಗೆ ಇವತ್ತಿಗೂ ಮರೆತಿಲ್ಲ.

ಅದಕ್ಕೇ ಹೇಳುವುದು, ಹೊಸ ಶೀಟ್ ತೆರೆದ ಕೂಡಲೇ ಫೈಲ್, ಸೆಟ್ಟಿಂಗ್ಸ್, ಲೊಕೇಲ್ (ಯಾವ ದೇಶದ ರೂಢಿ ಅನ್ನುವುದು) ಅಂತ ಹೋಗಿ ಇಂಡಿಯಾ ಮಾಡಿ. ಇನ್ನೊಂದು ಗುರುತು ನೆನಪಿಡಿ. ಶೀಟ್ ಯಾವುದನ್ನು ದಿನಾಂಕ ಅಂತ ಒಪ್ಪಿಕೊಂಡಿದೆಯೋ ಅದು ಚೌಕದ ಬಲಗಡೆಗೆ ಅಂಟಿಕೊಳ್ಳುತ್ತದೆ. ಅರ್ಥವಾಗದ್ದು ಎಡಗಡೆಗೆ. ಜೂನ್ 13ರಿಂದ ಆಚೆಯದ್ದೆಲ್ಲ ಎಡಗಡೆ ಕೂತಿತ್ತು, ಯಾಕಂದರೆ ಹದಿಮೂರನೇ ತಿಂಗಳು ಇಲ್ಲವಲ್ಲ. ನಾನು ಅದನ್ನು ನೋಡಿಯೂ ಸುಮ್ನೆ ಅಂದ ಕೆಟ್ಟಿದೆ ಅಂದುಕೊಂಡಿದ್ದೆ. ಅವತ್ತಿನಿಂದ ಶೀಟಿಗೆ ನೇರ ಟೈಪ್ ಮಾಡುವುದನ್ನೇ ಬಿಟ್ಟೆ. ಫೋನ್ ಬಂದರೂ ನಾನೇ ಅದೇ ಫಾರ್ಮ್ ತುಂಬುತ್ತೇನೆ. ಅದರಲ್ಲಿ ಕ್ಯಾಲೆಂಡರಿನಿಂದ ದಿನ ಆರಿಸುವುದರಿಂದ ತಪ್ಪಾಗುವುದಿಲ್ಲ. ಇನ್ನೊಂದು ಲಾಭವೂ ಆಯಿತು. ಫಾರ್ಮ್ ತುಂಬಿದ ಹೊತ್ತು ತಾನಾಗಿಯೇ ಮೊದಲ ಕಾಲಂನಲ್ಲಿ ಬೀಳುತ್ತದೆ. ‘ನಾನು ಮೊದಲು ಹೇಳಿದ್ದೆ’ ಅನ್ನುವ ತಕರಾರು ಅಲ್ಲಿಗೆ ನಿಂತಿತು.

ಹೆಸರಿನ ವಿಷಯ. ನಮ್ಮ ಕಡೆ ಒಂದೇ ಊರಿನಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನ ಮೂರು ಜನ ಇರುತ್ತಾರೆ. ಅದರ ಮೇಲೆ ಒಬ್ಬರು ಹೆಗಡೆ ಅಂತ ಬರೆದರೆ ಇನ್ನೊಬ್ಬರು ಹೆಗ್ಡೆ ಅಂತ ಬರೆಯುತ್ತಾರೆ. ಹೆಸರಿನಿಂದ ಹುಡುಕಿದರೆ ಯಾರ್ಯಾರೋ ಸಿಗುತ್ತಾರೆ. ಫೋನ್ ನಂಬರನ್ನೇ ಗುರುತಾಗಿ ಇಟ್ಟುಕೊಳ್ಳಿ. ಹತ್ತು ಅಂಕೆ, ಮುಂದೆ ಸೊನ್ನೆ ಬೇಡ, ಪ್ಲಸ್ 91 ಬೇಡ. ಇನ್ನು ನನ್ನ ಹಾಗೆ ಡಿಟಿಪಿ ಅಂಗಡಿಯವರು ಇಲ್ಲಿದ್ದರೆ ಅವರಿಗೆ ಒಂದು ಮಾತು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪಟ್ಟಿಯನ್ನು ಹಾಗೇ ಶೀಟಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಮೊದಲು ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಾಯಿಸಿಕೊಳ್ಳಿ.

ಮತ್ತೊಂದು ದಿನ ಬೆಳಿಗ್ಗೆ ನೋಡುತ್ತೇನೆ, ಮನೆ ಒಬ್ಬರದು, ಫೋನ್ ಇನ್ನೊಬ್ಬರದು, ಇಡೀ ಶೀಟ್ ಕಲಸಿಹೋಗಿದೆ. ಸಹಾಯಕ್ಕೆ ಇರಲಿ ಅಂತ ಲಿಂಕ್ ಇದ್ದವರೆಲ್ಲ ತಿದ್ದಬಹುದು ಅಂತ ಬಿಟ್ಟಿದ್ದೆ. ಯಾರೋ ಹೆಸರಿನ ಕಾಲಂ ಒಂದನ್ನೇ ಆರಿಸಿ ಅಕಾರಾದಿಯಾಗಿ ಜೋಡಿಸಿದ್ದರು. ಹೆಸರು ಮಾತ್ರ ಮೇಲೆ ಕೆಳಗೆ ಆಯಿತು, ಪಕ್ಕದ ಮರದ ಲೆಕ್ಕ, ನಂಬರು ಎಲ್ಲ ಇದ್ದಲ್ಲೇ ಇತ್ತು. ಎದೆ ಧಸಕ್ ಅಂತು. ಫೈಲ್ ಒಳಗೆ ವರ್ಷನ್ ಹಿಸ್ಟರಿ ಅಂತ ಇದೆ, ಅಲ್ಲಿ ಹಿಂದಿನ ರಾತ್ರಿಯ ಶೀಟ್ ಸಿಕ್ಕಿತು, ಒಂದೇ ಒತ್ತಿಗೆ ವಾಪಸ್ ಬಂತು. ಈಗ ತಿದ್ದುವ ಹಕ್ಕು ಇಬ್ಬರಿಗೇ.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಬಗ್ಗೆಯೂ ತಿಳಿದಿರಲಿ. ಒಂದೇ ಸಂದೇಶವನ್ನು ಒಟ್ಟಿಗೇ ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ವ್ಯವಸ್ಥೆ ಅದು. ಒಂದು ಪಟ್ಟಿಗೆ 256 ಜನ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ನಾನು ಮಳೆ ಬಂದು ದಿನ ಮುಂದೆ ಹೋಗಿದೆ ಅಂತ ಎಲ್ಲರಿಗೂ ಕಳಿಸಿದ್ದೆ, ತಲುಪಿದ್ದು ಸುಮಾರು ಅರ್ಧ ಜನಕ್ಕೆ. ಈಗ ಮೊದಲ ಬುಕಿಂಗ್ ಆದಾಗಲೇ ‘ನನ್ನ ನಂಬರ್ ಸೇವ್ ಮಾಡಿಕೊಳ್ಳಿ’ ಅಂತ ಹೇಳಿಸಿ, ಅವರ ಎದುರೇ ಮಾಡಿಸುತ್ತೇನೆ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕೊನೆಗೌಡರ ಕೂಲಿಯಲ್ಲಿ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ, ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸ ಅದು. ತೋಟದವರಿಂದ ಬುಕಿಂಗಿಗೆ 50 ರೂಪಾಯಿ, ಯುಪಿಐನಲ್ಲಿ. ಮೊದಲ ವರ್ಷ ಬಿಟ್ಟಿ ಮಾಡಿದ್ದೆ. ಬಿಟ್ಟಿ ಇದ್ದಾಗ ಜನ ನಾಲ್ಕು ಕಡೆ ಹೇಳಿಟ್ಟು, ಬೇರೆಯವರು ಸಿಕ್ಕಿದರೆ ನಮಗೆ ತಿಳಿಸುತ್ತಿರಲಿಲ್ಲ. 50 ರೂಪಾಯಿ ಕೊಟ್ಟವರು ಫೋನ್ ಮಾಡಿ ಹೇಳುತ್ತಾರೆ.

ಹಾಗಾದರೆ ಆ್ಯಪ್ ಬೇಡವೇ ಬೇಡವಾ? ಮೂರನೇ ವರ್ಷ ಮಾಡಿದೆ. ಶೀಟನ್ನೇ ಆ್ಯಪಿನ ಹಾಗೆ ತೋರಿಸುವ ಗ್ಲೈಡ್, ಆ್ಯಪ್‌ಶೀಟ್ ಅಂತ ಇವೆ. ಆ್ಯಪ್‌ಶೀಟನ್ನು 2020ರಲ್ಲಿ ಗೂಗಲ್ ಕೊಂಡಿತು. ನಾನು ಗ್ಲೈಡ್ ಹಿಡಿದೆ. ಎರಡು ರಾತ್ರಿ ಕೆಲಸ. ‘ನನ್ನ ಸರದಿ ಯಾವಾಗ?’ ಅನ್ನುವ ಒಂದೇ ಪುಟ. ಯಾಕೆ ಅದೊಂದೇ ಅಂದರೆ, ದಿನಕ್ಕೆ ನನಗೆ ಬರುತ್ತಿದ್ದ ಫೋನುಗಳಲ್ಲಿ ಜಾಸ್ತಿ ಇದ್ದದ್ದು ಆ ಪ್ರಶ್ನೆಯೇ. ಎಲ್ಲಿ ನಿಮ್ಮ ಕೈ ಸೋಲುತ್ತದೋ ಅಲ್ಲಿಗೆ ಮಾತ್ರ ಯಂತ್ರ ತನ್ನಿ. ಪ್ಲೇ ಸ್ಟೋರಿಗೆ ನಾನು ಹೋಗಲಿಲ್ಲ. ಅಲ್ಲಿ ಒಂದು ಸಲದ ಶುಲ್ಕ 25 ಡಾಲರ್, ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು 12 ಜನರಿಂದ 14 ದಿನ ಬಿಡದೆ ಪರೀಕ್ಷೆ ಮಾಡಿಸಿ ತೋರಿಸಬೇಕು. ಮಳೆ ಹತ್ತಿರ ಬಂದಾಗ ಅಷ್ಟು ಪುರಸೊತ್ತು ಎಲ್ಲಿದೆ? ಲಿಂಕನ್ನು ಫೋನಿನ ಹೋಮ್ ಸ್ಕ್ರೀನಿಗೆ ಹಾಕಿಕೊಟ್ಟರೆ ತೋಟದವರಿಗೆ ಅದೇ ಆ್ಯಪ್.

ಎಐ ಬಗ್ಗೆ ಕೇಳಬೇಕು ಅಂತ ಕೆಲವರು ಆಗಲೇ ಕೈ ಎತ್ತಿದ್ದಿರಿ. ಹೌದು, ಈಗ ಮಾತಿನಲ್ಲಿ ಹೇಳಿದರೆ ಎಐಯೇ ಕೋಡ್ ಬರೆದುಕೊಡುತ್ತದೆ. 2025ರ ಫೆಬ್ರವರಿಯಲ್ಲಿ ಎಐ ಸಂಶೋಧಕ ಆಂಡ್ರೆ ಕಾರ್ಪತಿ ಅದಕ್ಕೆ ವೈಬ್ ಕೋಡಿಂಗ್ ಅಂತ ಹೆಸರಿಟ್ಟರು. ನಾನೂ ಬಳಸಿದ್ದೇನೆ, ಸಂಜೆಯ ಪಟ್ಟಿಯನ್ನು ಊರಿನ ಪ್ರಕಾರ ಜೋಡಿಸುವ ಒಂದು ಸಣ್ಣ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಮ್) ಅದರಿಂದ ಬರೆಸಿದೆ. ಬಹಳ ಉಪಕಾರ ಆಯಿತು. ಆದರೆ ಮಳೆಯ ನಿಯಮ ಅದಕ್ಕೂ ನಾನೇ ಹೇಳಬೇಕಾಯಿತು. ಹೇಳದೆ ಬಿಟ್ಟ ಮೊದಲ ಸಲ, ಮಳೆಯಿಂದ ತಪ್ಪಿದವರನ್ನೆಲ್ಲ ಅದು ಪಟ್ಟಿಯ ಕೊನೆಗೆ ಹಾಕಿತ್ತು. ನೋಡಲು ಎಲ್ಲ ಸರಿಯಾಗೇ ಕಾಣುತ್ತಿತ್ತು. ಅಜ್ಜನ ಪುಸ್ತಕ ನೋಡಿರದಿದ್ದರೆ ಅದು ತಪ್ಪು ಅಂತಲೇ ನನಗೆ ತಿಳಿಯುತ್ತಿರಲಿಲ್ಲ.

ಒಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ. ನನ್ನ ಶೀಟಿನಲ್ಲಿ ಏನೇನಿದೆ ಯೋಚಿಸಿ. ಯಾರ ಮನೆ, ಎಷ್ಟು ಮರ, ಫೋನ್ ನಂಬರು, ಯಾವ ಮನೆಯಲ್ಲಿ ವಯಸ್ಸಾದವರಿಬ್ಬರೇ ಇದ್ದಾರೆ. ಕೆಟ್ಟವರ ಕೈಗೆ ಸಿಕ್ಕಿದರೆ ಏನಾಗಬಹುದು? 2023ರಲ್ಲಿ ಜನರ ಖಾಸಗಿ ಮಾಹಿತಿ ಕಾಪಾಡುವ ಕಾನೂನೂ ಬಂದಿದೆ. ಕಾನೂನು ಬಿಡಿ, ಅವರು ನಿಮ್ಮನ್ನು ನಂಬಿ ಕೊಟ್ಟಿದ್ದಾರೆ. ಬೇಡದ್ದನ್ನು ಕೇಳಲೇಬೇಡಿ. ಆ್ಯಪಿನಲ್ಲಿ ಒಬ್ಬರಿಗೆ ಅವರ ಸಾಲು ಮಾತ್ರ ಕಾಣುವ ಹಾಗೆ ಮಾಡಿ, ಮಾಡಿದ ಮೇಲೆ ಬೇರೆಯವರ ಫೋನಿನಿಂದ ತೆರೆದು ನೀವೇ ಪರೀಕ್ಷಿಸಿ. ಸೀಸನ್ ಮುಗಿದ ಮೇಲೆ ನಾನು ಹಳೇ ಸಾಲುಗಳನ್ನು ಅಳಿಸಿಬಿಡುತ್ತೇನೆ, ಮರದ ಲೆಕ್ಕ ಮತ್ತು ಅಜ್ಜನ ಮೂರು ಗುರುತು ಬಿಟ್ಟು.

ಈ ವರ್ಷ ಅದಕ್ಕೆ ನಾಲ್ಕನೇ ಗುರುತು ಸೇರಿದೆ. ಹೋದ ಮಳೆಗಾಲದ ಕೊನೆಯಲ್ಲಿ ಒಬ್ಬ ಕೊನೆಗೌಡರು ಅಂಗಡಿಗೆ ಬಂದರು, ಮಗಳ ಅರ್ಜಿಯ ಜೆರಾಕ್ಸಿಗೆ. ದುಡ್ಡು ಕೊಟ್ಟು ಹೊರಟವರು ಬಾಗಿಲಲ್ಲಿ ನಿಂತರು. ‘ಅಕ್ಕ, ನೀವು ಸಂಜೆ ಹೇಳ್ತೀರಲ್ಲ, ನೀರು ಇದೆ, ದಾರಿ ಇದೆ ಅಂತ. ತುತ್ತು ರಾತ್ರಿನೇ ನೆನೆಸಿ ಇಟ್ಟಿದಾರಾ ಅಂತನೂ ಕೇಳಿ ಹೇಳಿ. ಕೆಲವು ಮನೇಲಿ ನಾವು ಹೋದ ಮೇಲೆ ನೆನೆಸ್ತಾರೆ. ಹತ್ತು ಗಂಟೆ ತನಕ ಸುಮ್ನೆ ಕೂರಬೇಕು, ಅಷ್ಟ್ರಲ್ಲಿ ಮಳೆ ಬರ್ತದೆ’ ಅಂದರು. ಅವತ್ತೇ ಫಾರ್ಮಿನಲ್ಲಿ ಏಳನೇ ಪ್ರಶ್ನೆ ಹಾಕಿದೆ. ಹಿಂದಿನ ದಿನ ಸಂಜೆ ಆರಕ್ಕೆ ಪ್ರತಿ ಮನೆಗೂ ಫೋನ್ ಮಾಡುತ್ತೇನೆ, ತುತ್ತು ನೆನೆಸಿದಿರಾ ಅಂತ. ಹೂಂ ಅಂದ ಮನೆ ಬೆಳಗಿನ ಮೊದಲ ಸರದಿಗೆ ಬರುತ್ತದೆ.